ಕಿಟ್ಟ, ಸವಳು ಮತ್ತು ಮೋರೇರ ಮನೆ: ಪದವಿ ವಿದ್ಯಾರ್ಥಿಯ ಸಂಶೋಧನೆ ಕುರಿತು



ನಮ್ಮ ಕೊಪ್ಪಳ ಜಿಲ್ಲೆಯ ಹಳೆಯ ಪದವಿ ಕಾಲೇಜುಗಳ ಫಲಕದ ಮೇಲೆ ‘ಕಲೆ, ವಿಜ್ಞಾನ ಮತ್ತು ವಾಣಿಜ್ಯ’ ಎಂದು ಬರೆದಿರುತ್ತದೆ. ಆ ‘ಮತ್ತು’ ಕೆಲಸ ಮಾಡುವುದು ಫಲಕದ ಮೇಲೆ ಮಾತ್ರ. ಗೇಟು ದಾಟಿದ ಮೇಲೆ ಬಿ.ಎ. ಹುಡುಗಿ ಒಂದು ಕಟ್ಟಡಕ್ಕೆ, ಬಿ.ಎಸ್ಸಿ. ಹುಡುಗ ಇನ್ನೊಂದು ಕಟ್ಟಡಕ್ಕೆ ಹೋಗುತ್ತಾರೆ. ಮೂರು ವರ್ಷದಲ್ಲಿ ಅವರು ಒಟ್ಟಿಗೆ ಕೂಡುವುದು ಎನ್ನೆಸ್ಸೆಸ್ ಶಿಬಿರದಲ್ಲೋ ವಾರ್ಷಿಕೋತ್ಸವದಲ್ಲೋ. ಇಬ್ಬರೂ ಓದುವ ಪುಸ್ತಕ ಬೇರೆ ಯಾರೋ ಎಲ್ಲೋ ಕಂಡುಹಿಡಿದದ್ದನ್ನು ಹೇಳುತ್ತದೆ. ಇಬ್ಬರೂ ಸಂಜೆ ಮರಳುವ ಊರಿನ ಬಗ್ಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಇಂದು ನಾನು ಮುಂದಿಡುವ ವಾದ ಇಷ್ಟು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಈ ನಾಲ್ಕು ತಾಲ್ಲೂಕುಗಳ ಬಗ್ಗೆ ಇನ್ನೂ ತಿಳಿಯಬೇಕಾದದ್ದು ಬಹಳವಿದೆ, ಅದನ್ನು ತಿಳಿಯಲು ಅತ್ಯಂತ ಅನುಕೂಲದ ಜಾಗದಲ್ಲಿ ಇರುವವರು ಪದವಿ ವಿದ್ಯಾರ್ಥಿಗಳು, ಮತ್ತು ಆ ಕೆಲಸ ಕಲೆ-ವಿಜ್ಞಾನಗಳ ನಡುವಿನ ಗೋಡೆಯನ್ನು ಉಳಿಸಿಕೊಂಡು ಆಗುವಂಥದ್ದಲ್ಲ. ಸಂಶೋಧನೆ ಎಂಬುದು ಎಂ.ಎ., ಎಂ.ಎಸ್ಸಿ. ಮುಗಿಸಿ, ನೆಟ್ ಪಾಸಾಗಿ, ಮಾರ್ಗದರ್ಶಕರು ಸಿಕ್ಕ ಮೇಲೆ ಶುರುವಾಗುವ ಸಂಗತಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ಈ ಭಾಗದ ಇತಿಹಾಸಕ್ಕೇ ವಿರುದ್ಧವಾದ ನಂಬಿಕೆ.

ಆ ಇತಿಹಾಸವನ್ನು ಸ್ವಲ್ಪ ನೋಡೋಣ. 1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಕಂಡವರು ಸಿ. ಬೀಡನ್. ಅವರು ಶಾಸನ ತಜ್ಞರಲ್ಲ, ಚಿನ್ನದ ಗಣಿಯ ಎಂಜಿನಿಯರ್. ಚಿನ್ನ ಹುಡುಕಿಕೊಂಡು ಬಂದವರ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರ ಬಿತ್ತು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಸಿಕ್ಕಿದ್ದು ಆ ಬಂಡೆಯಿಂದ. 1931ರಲ್ಲಿ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನ ಶಾಸನಗಳನ್ನು ಗುರುತಿಸಿದವರು ಎನ್.ಬಿ. ಶಾಸ್ತ್ರಿ. ಮರುವರ್ಷ ಲಂಡನ್ನಿನ ಭಾಷಾ ವಿದ್ವಾಂಸ ಆರ್.ಎಲ್. ಟರ್ನರ್ ಅವುಗಳನ್ನು ಸಂಪಾದಿಸಿ, ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ಓದುವ ಕೆಲಸಕ್ಕೆ ಪ್ರಾಕೃತ ಬಲ್ಲ ಪಂಡಿತರೇ ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡು ಸಾವಿರ ವರ್ಷ ಎಲ್ಲರ ಎದುರಿಗೇ ಇದ್ದ ಬಂಡೆಯ ಮೇಲಿನ ಗೀರು ಗೀರಲ್ಲ, ಅಕ್ಷರ ಎಂದು ಅನ್ನಿಸಿದ್ದು ಗುಡ್ಡ ಹತ್ತಿ ಇಳಿಯುವವರಿಗೆ. ಹಿರೇಬೆಣಕಲ್ಲಿನ ಕಲ್ಮನೆಗಳ ಬಗ್ಗೆ ಹೊರಜಗತ್ತಿಗೆ ಮೊದಲು ಬರೆದ ಮೆಡೋಸ್ ಟೇಲರ್ ನಿಜಾಮನ ಸೇವೆಯಲ್ಲಿದ್ದ ಸೈನಿಕ. ಕಾದಂಬರಿ ಬರೆದವರು, ಚಿತ್ರ ಬಿಡಿಸುತ್ತಿದ್ದವರು, ಸುರಪುರದಲ್ಲಿ ಆಡಳಿತ ನಡೆಸಿದವರು. ಕಲೆಯೋ ವಿಜ್ಞಾನವೋ ಎಂದು ಅವರನ್ನು ಕೇಳಿದ್ದರೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಬೀಡನ್, ಶಾಸ್ತ್ರಿ, ಟೇಲರ್ ಈ ಮೂವರಿಗೂ ಇದ್ದ ಅರ್ಹತೆ ಎಂದರೆ ಸ್ಥಳದಲ್ಲಿದ್ದದ್ದು, ನಿಂತು ನೋಡಿದ್ದು, ನೋಡಿದ್ದನ್ನು ಬೇರೆಯವರಿಗೆ ತಲುಪುವ ಹಾಗೆ ದಾಖಲಿಸಿದ್ದು.

ಪದವಿ ಮಟ್ಟದ ಸಂಶೋಧನೆ ಎಂದಾಗ ಸಾಮಾನ್ಯವಾಗಿ ಎಸ್. ಚಂದ್ರಶೇಖರ್ ಅವರ ಉದಾಹರಣೆ ಬರುತ್ತದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಓದುತ್ತಿರುವಾಗಲೇ ಅವರು ಬರೆದ ಲೇಖನ 1929ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಭಾಷಣಕ್ಕೆ ಇದು ಚೆನ್ನ, ಕಾಲೇಜು ನಡೆಸಲು ಉಪಯೋಗವಿಲ್ಲ. ಅಸಾಮಾನ್ಯರನ್ನು ಅಳತೆಗೋಲು ಮಾಡಿಕೊಂಡರೆ ಉಳಿದ ಎಲ್ಲರೂ ಸಂಶೋಧನೆಗೆ ಅನರ್ಹರು ಎಂಬ ತೀರ್ಮಾನಕ್ಕೇ ಬರಬೇಕಾಗುತ್ತದೆ. ನಾನು ಹೇಳುತ್ತಿರುವುದು ಅದಕ್ಕಿಂತ ಬಹಳ ಸಣ್ಣ ಕೆಲಸ: ಉತ್ತರ ಪುಸ್ತಕದಲ್ಲಿ ಸಿಗದ ಒಂದು ಪ್ರಶ್ನೆ, ನಡೆದು ಹೋಗಬಹುದಾದ ಒಂದು ಜಾಗ, ದಿನಾಂಕ ಹಾಕಿದ ಒಂದು ನೋಟ್‌ಬುಕ್, ಕೊನೆಗೆ ಮತ್ತೊಬ್ಬರು ಪರೀಕ್ಷಿಸಿ ನೋಡಬಹುದಾದ ಒಂದು ಬರಹ ಅಥವಾ ಚಿತ್ರ ಅಥವಾ ವಸ್ತು.

ಕಿನ್ನಾಳಕ್ಕೆ ಹೋಗೋಣ. ಅಲ್ಲಿನ ಚಿತ್ರಗಾರ ಮನೆತನದವರು ಮಾಡುವ ಬಣ್ಣದ ಗೊಂಬೆಗಳು ನಿಮಗೆ ಗೊತ್ತು; ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಅವಕ್ಕೆ ಸಿಕ್ಕಿದೆ. ಮಾಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಅದು ಕರಕುಶಲತೆಯ ಜೊತೆಗೇ ಒಂದು ಪ್ರಯೋಗಶಾಲೆ. ಹಗುರಾದ ಪೊಲ್ಕಿ ಮರದಲ್ಲಿ ಗೊಂಬೆಯ ಅಂಗಗಳನ್ನು ಬಿಡಿಬಿಡಿಯಾಗಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನೊಂದಿಗೆ ಅದೇ ಹುಣಸೆ ಅಂಟಿನಲ್ಲಿ ಕಲಸಿದರೆ ಕಿಟ್ಟ ಆಗುತ್ತದೆ. ಜೋಡಣೆಯ ಸಂದುಗಳನ್ನು ಮುಚ್ಚುವುದು, ಮೈ ತುಂಬಿಸುವುದು ಅದರಿಂದ. ಒಡವೆಯ ಉಬ್ಬು ಕೆಲಸಕ್ಕೆ ಬೆಣಚುಕಲ್ಲಿನ ಪುಡಿಯ ಅಂಟು. ಕಿಟ್ಟದ ಮೇಲೆ ಬಟ್ಟೆ, ಬಿಳಿ ಬಳಿತ, ಕೊನೆಗೆ ಬಣ್ಣ. ಲಾಜವಾರ ಎಂಬ ವಿಧಾನದಲ್ಲಿ ತವರವನ್ನು ಅಂಟಿನೊಂದಿಗೆ ಅರೆದು ಬಳಿದು, ಉಜ್ಜಿ, ಚಿನ್ನ ಬೆಳ್ಳಿಯ ಹೊಳಪು ತರುತ್ತಾರೆ. ಇದರಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಎಷ್ಟು ಕೆಲಸವಿದೆ ನೋಡಿ. ಹುಣಸೆ ಬೀಜದ ಅಂಟು ಒಂದು ಪಾಲಿಸ್ಯಾಕರೈಡ್. ಎಷ್ಟು ಹೊತ್ತು ಕುದಿಸಿದರೆ ಎಷ್ಟು ಮಂದವಾಗುತ್ತದೆ, ಎಷ್ಟು ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಮಳೆಗಾಲದ ಕಿಟ್ಟಕ್ಕೂ ಬೇಸಿಗೆಯ ಕಿಟ್ಟಕ್ಕೂ ಬಿರುಕಿನಲ್ಲಿ ವ್ಯತ್ಯಾಸವೇನು ಎಂಬುದನ್ನು ತಿಳಿಯಲು ದುಬಾರಿ ಉಪಕರಣ ಬೇಡ. ಗಡಿಯಾರ, ತಕ್ಕಡಿ, ಸೋರಿಕೆಯ ಕಾಲ ಅಳೆಯುವ ಒಂದು ಗಾಜಿನ ನಳಿಗೆ ಸಾಕು. ಸಸ್ಯಶಾಸ್ತ್ರದವರ ಪ್ರಶ್ನೆ ಬೇರೆ: ಪೊಲ್ಕಿ ಮರ ಈಗ ಎಲ್ಲಿಂದ ಬರುತ್ತಿದೆ? ಆಂಧ್ರದ ಕೊಂಡಪಲ್ಲಿ ಬೊಂಬೆಗೆ ಬಳಸುವ ಪೊನಿಕಿ ಮರವೂ ಇದೂ ಒಂದೆಯೋ ಬೇರೆಯೋ? ಎಲೆ, ಹೂ, ಕಾಯಿಗಳನ್ನು ಒತ್ತಿ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಚಿತ್ರ ಬರೆದು ಹೋಲಿಸಿದರೆ ಉತ್ತರದ ದಾರಿ ಸಿಗುತ್ತದೆ. ಕನ್ನಡ ವಿಭಾಗದವರು ಕಿಟ್ಟ, ಲಾಜವಾರ ಮುಂತಾದ ಕಸುಬಿನ ಮಾತುಗಳನ್ನು ಅವುಗಳ ಅರ್ಥ, ಬಳಕೆಯೊಂದಿಗೆ ಬರೆದಿಡಬೇಕು. ಅರ್ಥಶಾಸ್ತ್ರದವರು ಒಂದು ಗೊಂಬೆಗೆ ಹಿಡಿದ ಗಂಟೆಗಳನ್ನು ಎಣಿಸಬೇಕು. ಇದೇ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್ ಎದ್ದಿದೆ. ಕೈಯಿಂದ ಮಾಡಿದ ಗೊಂಬೆಯೂ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಆಟಿಕೆಯೂ ಅಕ್ಕಪಕ್ಕ ಇರುವ ಜಿಲ್ಲೆಯಲ್ಲಿ ವಾಣಿಜ್ಯ ವಿಭಾಗದವರಿಗೆ ವಿಷಯ ಸಿಗುತ್ತಿಲ್ಲ ಎಂದರೆ ನಂಬುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕುಶಲಕರ್ಮಿಯ ತಿಳಿವಳಿಕೆ ಅವರ ಅನ್ನ. ವಿದ್ಯಾರ್ಥಿ ಬರೆದದ್ದರ ಮೊದಲ ಪ್ರತಿ ಆ ಮನೆಗೆ ಹೋಗಬೇಕು, ಅವರು ಹೇಳಬೇಡ ಎಂದದ್ದನ್ನು ಬರೆಯಬಾರದು.

ಈಗ ಗಂಗಾವತಿಗೆ ಬರೋಣ. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು, ಅದರ ಎಡದಂಡೆ ಕಾಲುವೆ, ಭತ್ತದ ಕಣಜ, ಆಂಧ್ರದ ಕರಾವಳಿಯಿಂದ ಬಂದವರ ಕ್ಯಾಂಪುಗಳು. ಈ ಕಥೆ ಎಲ್ಲರಿಗೂ ಗೊತ್ತು. ಯೋಜನೆ ರೂಪುಗೊಂಡಾಗ ಬಹುಪಾಲು ಜಮೀನು ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆ ಮೀಸಲಾಗಿತ್ತು, ಭತ್ತಕ್ಕೆ ಸಣ್ಣ ಪಾಲು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿತು. ಟೇಲೆಂಡ್‌ನ ರೈತರು ನೀರಿಗಾಗಿ ಹೋರಾಡುವುದು ವರ್ಷದ ವಾಡಿಕೆಯಾಯಿತು. ಇನ್ನೊಂದು ಪರಿಣಾಮ ನೆಲದೊಳಗೆ ನಡೆಯಿತು. ಗದ್ದೆಯಲ್ಲಿ ನೀರು ನಿಂತೇ ಇದ್ದರೆ ಅಂತರ್ಜಲ ಮೇಲೇರುತ್ತದೆ. ಎರೆ ಮಣ್ಣು ಬೇಗ ಬಸಿಯುವುದಿಲ್ಲ. ಬೇಸಿಗೆಯಲ್ಲಿ ಮೇಲ್ಮೈ ಒಣಗಿದಾಗ ಕೆಳಗಿನ ನೀರು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ಏರಿ, ಆವಿಯಾಗಿ, ಹೊತ್ತು ತಂದ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ರೈತರು ಸವಳು-ಜವಳು ಎನ್ನುವುದು ಇದನ್ನೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದೆ. ಹಾಗಿದ್ದ ಮೇಲೆ ಪದವಿ ವಿದ್ಯಾರ್ಥಿಗೆ ಏನು ಉಳಿದಿದೆ? ಉಳಿದಿರುವುದು ತನ್ನ ಊರು. ಸಂಶೋಧನಾ ಕೇಂದ್ರ ಪ್ರತಿ ಹಳ್ಳಿಯ ಪ್ರತಿ ಹೊಲಕ್ಕೆ ಪ್ರತಿ ವರ್ಷ ಹೋಗಲಾರದು. ವಿದ್ಯಾರ್ಥಿ ತನ್ನ ಊರಿನ ಇಪ್ಪತ್ತು ಹೊಲಗಳ ಮಣ್ಣನ್ನು ಒಂದೇ ಆಳದಿಂದ, ಒಂದೇ ತಿಂಗಳಲ್ಲಿ ತೆಗೆದು, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು, ಒಂದು ಪಾಲು ಮಣ್ಣಿಗೆ ಎರಡು ಪಾಲು ಬಟ್ಟಿ ಇಳಿಸಿದ ನೀರು ಬೆರೆಸಿ ಕಲಕಿ, ವಿದ್ಯುತ್ ವಾಹಕತೆಯ ಮೀಟರ್ ಅದ್ದಿದರೆ ಇಪ್ಪತ್ತು ಅಂಕಿ ಸಿಗುತ್ತವೆ. ಇಲ್ಲೇ ಮೊದಲ ಪಾಠ ಕಾದಿದೆ. ಸವಳು ಭೂಮಿಗೆ ಪುಸ್ತಕದಲ್ಲಿರುವ ಮೀಟರಿಗೆ 4 ಡೆಸಿಸೀಮನ್ಸ್ ಎಂಬ ಗಡಿ, ನೀರು ಕುಡಿದು ತಣಿದ ಮಣ್ಣಿನ ಕೆಸರಿನಿಂದ ಹಿಂಡಿ ತೆಗೆದ ದ್ರವಕ್ಕೆ ಹೇಳಿದ್ದು. ನೀರು ಹೆಚ್ಚು ಬೆರೆಸಿ ಅಳೆದಾಗ ಅಂಕಿ ಅದಕ್ಕಿಂತ ಕಡಿಮೆಯೇ ಬರುತ್ತದೆ. ಇದನ್ನು ಗಮನಿಸದೆ ‘ನಮ್ಮೂರಲ್ಲಿ ಸವಳಿಲ್ಲ’ ಎಂದು ಬರೆದ ವಿದ್ಯಾರ್ಥಿ, ಬೆಳ್ಳಗೆ ಉಪ್ಪು ಕಟ್ಟಿದ ಹೊಲದ ಯಜಮಾನನ ಮುಂದೆ ನಿಂತಾಗ ಅಳತೆ ಎಂದರೇನು ಎಂಬುದನ್ನು ಕಲಿಯುತ್ತಾನೆ. ಮೂರು ವರ್ಷದ ಪ್ರಾಯೋಗಿಕ ತರಗತಿಯಲ್ಲಿ ಇದು ಕಲಿಯಲು ಸಿಗುವುದಿಲ್ಲ, ಏಕೆಂದರೆ ಅಲ್ಲಿ ಬರಬೇಕಾದ ಉತ್ತರ ಎಲ್ಲರಿಗೂ ಮೊದಲೇ ಗೊತ್ತು. ಬರದಿದ್ದರೆ ತಿದ್ದಿ ಬರಿಸುವ ಜಾಣತನವೂ ಗೊತ್ತು.

ಇದರಲ್ಲಿ ಕಲೆ ಎಲ್ಲಿದೆ ಎಂದು ಕೇಳಬಹುದು. ಮೊದಲು ಏನು ಕಲೆ-ವಿಜ್ಞಾನಗಳ ಕೂಡಿಕೆ ಅಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಬೇಡ ಎಂಬ ಬೀದಿನಾಟಕ, ಚಂದ್ರಯಾನದ ರಂಗೋಲಿ, ವಿಜ್ಞಾನ ದಿನದಂದು ಓದುವ ಕವನ, ಇವು ಆ ದಿನದ ಸಂಭ್ರಮಕ್ಕೆ ಸರಿ. ಅವುಗಳಲ್ಲಿ ವಿಜ್ಞಾನವೂ ಹೊಸದಾಗಿ ತಿಳಿಯುವುದಿಲ್ಲ, ಕಲೆಯೂ ಬೆಳೆಯುವುದಿಲ್ಲ. ಎರಡೂ ನಿಜವಾಗಿ ಕೂಡುವುದು ನೋಡುವ ಕೆಲಸದಲ್ಲಿ. ಕುಷ್ಟಗಿಯ ದಾಳಿಂಬೆ ತೋಟಗಳನ್ನು ನೆನೆಯಿರಿ. 2000ರ ದಶಕದಲ್ಲಿ ದುಂಡಾಣು ಅಂಗಮಾರಿ ರೋಗ ಈ ಭಾಗದ ದಾಳಿಂಬೆಯನ್ನು ಹೇಗೆ ಹಾಳುಮಾಡಿತು ಎಂಬುದು ರೈತರಿಗೆ ಇನ್ನೂ ಮರೆತಿಲ್ಲ. ಅದು ಎಲೆಯ ಮೇಲೆ ಮೊದಲು ಎಣ್ಣೆ ತಾಗಿದಂಥ ಸಣ್ಣ ಚುಕ್ಕೆಯಾಗಿ ಕಾಣುತ್ತದೆ, ಆಮೇಲೆ ಕಪ್ಪಾಗುತ್ತದೆ, ಕಾಯಿಯ ಮೇಲೆ ಚುಕ್ಕೆ ಸೀಳಿ ಕವಲೊಡೆದ ಬಿರುಕಾಗುತ್ತದೆ. ಶಿಲೀಂಧ್ರದ ಚುಕ್ಕೆಯೂ ಮೊದಲ ನೋಟಕ್ಕೆ ಹೀಗೇ ಕಾಣಬಹುದು. ಮೊಬೈಲ್ ಫೋಟೊ ಎಲೆಯಲ್ಲಿರುವ ಎಲ್ಲವನ್ನೂ ಒಂದೇ ಸಮ ಹಿಡಿಯುತ್ತದೆ. ಪೆನ್ಸಿಲ್ ಹಿಡಿದವಳು ಚುಕ್ಕೆಯ ಅಂಚು ಎಲ್ಲಿ ಮುಗಿಯಿತು, ಸುತ್ತ ಹಳದಿ ಬಳೆ ಇದೆಯೋ ಇಲ್ಲವೋ, ನರದ ಮೇಲೆ ಇದೆಯೋ ಪಕ್ಕದಲ್ಲೋ ಎಂದು ಪ್ರತಿ ಗೆರೆಗೂ ತೀರ್ಮಾನ ಮಾಡಲೇಬೇಕು. ಒಂದೇ ಕೊಂಬೆಯನ್ನು ವಾರಕ್ಕೊಮ್ಮೆಯಂತೆ ಹತ್ತು ವಾರ ಬರೆದ ಚಿತ್ರಗಳ ಸಾಲು ರೋಗದ ದಿನಚರಿಯೂ ಹೌದು, ಚಿತ್ರಕಲೆಯೂ ಹೌದು. ಇದಕ್ಕೆ ಅಂಕ ಕೊಡಬೇಕಾದವರು ಸಸ್ಯಶಾಸ್ತ್ರದವರೋ ಚಿತ್ರಕಲೆಯವರೋ ಎಂದು ನಮ್ಮ ವ್ಯವಸ್ಥೆ ಗೊಂದಲಕ್ಕೆ ಬಿದ್ದರೆ, ಬೀಳಲಿ.

ಇನ್ನೊಂದು ನಿದರ್ಶನ ಮೋರನಾಳದ್ದು. ಕೊಪ್ಪಳ ತಾಲ್ಲೂಕಿನ ಈ ಹಳ್ಳಿಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಸನ್ಮಾನಗಳು ನಡೆದವು, ನಡೆಯಬೇಕಾದ್ದೇ. ಗೊಂಬೆಯ ಕಡೆಗೆ ಹೋಗಿ ನೋಡಿದರೆ, ಮೇಕೆಯ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿದ್ದಾರೆ, ಬಣ್ಣ ತುಂಬಿದ್ದಾರೆ, ಒಡವೆಯ ಜಾಗಕ್ಕೆ ತೂತು ಕೊರೆದಿದ್ದಾರೆ. ಪರದೆಗೆ ಒತ್ತಿ ಹಿಡಿದಾಗ ಅಂಚು ಚೂಪು, ಹಿಂದಕ್ಕೆ ಎಳೆದಾಗ ಮಸುಕು. ಬೆಳಕಿನ ಮೂಲ ಅಗಲವಾದಷ್ಟೂ ಮಸುಕು ಹೆಚ್ಚು. ಎಣ್ಣೆ ದೀಪದ ಜಾಗಕ್ಕೆ ವಿದ್ಯುತ್ ಬಲ್ಬ್ ಬಂದಾಗ ರಾವಣನ ನೆರಳಿಗೆ ಏನಾಯಿತು ಎಂಬುದು ಭೌತಶಾಸ್ತ್ರದ ಪ್ರಶ್ನೆಯೂ ಹೌದು, ರಂಗಭೂಮಿಯ ಪ್ರಶ್ನೆಯೂ ಹೌದು. ದೀಪದ ಜ್ವಾಲೆ ಅಲುಗುವುದರಿಂದ ಗೊಂಬೆಗೆ ಬರುತ್ತಿದ್ದ ಉಸಿರಾಟದಂಥ ಚಲನೆ ಬಲ್ಬಿನಲ್ಲಿ ಇಲ್ಲವಾಗುತ್ತದೆ. ಒಬ್ಬ ಬಿ.ಎಸ್ಸಿ. ವಿದ್ಯಾರ್ಥಿ ದೂರ ಅಳೆಯಲಿ, ಒಬ್ಬಳು ಬಿ.ಎ. ವಿದ್ಯಾರ್ಥಿನಿ ಕಥಾಭಾಗವನ್ನೂ ಹಾಡಿನ ಮಟ್ಟನ್ನೂ ದಾಖಲಿಸಲಿ. ಇಬ್ಬರೂ ಸೇರಿ ಒಂದು ಹೊಸ ಗೊಂಬೆಯನ್ನು ಪರದೆಗೆ ತರಲಿ. ಆ ಗೊಂಬೆ ಕೆಟ್ಟದಾಗಿ ಬಂದರೂ, ಏಕೆ ಕೆಟ್ಟಿತು ಎಂದು ಬರೆದ ಎರಡು ಪುಟ ಇದ್ದರೆ ಅದು ಸಂಶೋಧನೆಯೇ.

ಹಿರೇಬೆಣಕಲ್ಲಿನ ಆ ಕಲ್ಮನೆಗಳು, ಊರವರು ಹೇಳುವ ಮೋರೇರ ಮನೆಗಳು, 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿ ಸೇರಿದವು. ಕಲ್ಲುಚಪ್ಪಡಿಯ ದುಂಡು ಕಿಂಡಿಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ದಿಕ್ಸೂಚಿ ಹಿಡಿದು ಬರೆಯಬಹುದು. ಮೋರೇರು ಕುಳ್ಳ ಜನ ಎಂಬ ಊರಿನ ಕಥೆಯ ಪಾಠಾಂತರಗಳನ್ನು ಅದೇ ದಿನ ಸಂಗ್ರಹಿಸಬಹುದು. ಬಡಿದರೆ ನಗಾರಿಯಂತೆ ಮೊಳಗುವ ಬಂಡೆಯ ದನಿಯನ್ನು ಬಂಡೆಗೆ ಪೆಟ್ಟಾಗದಂತೆ ಧ್ವನಿಮುದ್ರಿಸಬಹುದು. 1112ರ ಇಟಗಿ ಮಹಾದೇವ ದೇವಾಲಯ, ಕುಕನೂರಿನ ನವಲಿಂಗ ಗುಡಿ, ಯಲಬುರ್ಗಾದ ಎರೆ ಹೊಲಗಳ ಜೋಳ-ಕಡಲೆ ತಳಿಗಳು, ಗಂಗಾವತಿ ಬಳಿಯ ಬಂಕಾಪುರದ ತೋಳಗಳ ಹುಲ್ಲುಗಾವಲು, ಭಾಗ್ಯನಗರದ ಕೂದಲು ಉದ್ಯಮ, ಹೂಳು ತುಂಬಿ ಸುಮಾರು 133 ಟಿಎಂಸಿಯಿಂದ 105 ಟಿಎಂಸಿಗೆ ಇಳಿದಿರುವ ಜಲಾಶಯ: ವಿಷಯಕ್ಕೆ ಬರವಿಲ್ಲ.

ನಮ್ಮ ಭಾಷೆಯಲ್ಲಿ ಇಂಥ ಕೆಲಸಕ್ಕೆ ಹಿಂದಿನ ದಾರಿಯೂ ಇದೆ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ‘ಪ್ರಬುದ್ಧ ಕರ್ನಾಟಕ’ ಆರಂಭಿಸಿದರು. ಒಂದು ಕಾಲೇಜಿನ ಸಂಘದ ಪತ್ರಿಕೆ ಕನ್ನಡ ವಿದ್ವತ್ತಿನ ಪತ್ರಿಕೆಯಾಗಿ ಬೆಳೆಯಿತು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿ. ಅದರ ಹಂದರವೇ ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮಾಡಿದ ಕಾಡಿನ ಪ್ರವಾಸ. ಗಿಡ ಗುರುತಿಸುವ ಕೆಲಸ, ಅದರ ಚಿತ್ರ, ಹುಡುಗರ ತಮಾಷೆ, ಹಳೆಯ ಕಾವ್ಯದ ಪ್ರಸ್ತಾಪ ಎಲ್ಲವೂ ಅಲ್ಲಿ ಒಂದೇ ಬರಹ. ಅದೇ ಸ್ವಾಮಿ ಶಾಸನಗಳಲ್ಲಿ ಬರುವ ಗಿಡಮರಗಳ ಬಗ್ಗೆಯೂ ಪುಸ್ತಕ ಬರೆದರು. ನಮ್ಮ ಕಾಲೇಜುಗಳಲ್ಲಿ ಆ ಪುಸ್ತಕಗಳು ಕನ್ನಡ ವಿಭಾಗದ ಕಪಾಟಿನಲ್ಲಿ ಮಾತ್ರ ಇರುತ್ತವೆ ಎಂಬುದು ನನ್ನ ಸಣ್ಣ ತಕರಾರು.

ಹೊರಗಿನ ಪ್ರಪಂಚದಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ಸಾಂಸ್ಥಿಕ ರೂಪ ಬಂದದ್ದೂ ಬಹಳ ಹಿಂದಿನ ಮಾತಲ್ಲ. ಅಮೆರಿಕದ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಪದವಿ ವಿದ್ಯಾರ್ಥಿಗಳನ್ನು ಅಧ್ಯಾಪಕರ ಸಂಶೋಧನೆಯಲ್ಲಿ ಸೇರಿಸುವ ಕಾರ್ಯಕ್ರಮ ಶುರುಮಾಡಿದ್ದು 1969ರಲ್ಲಿ. ಪದವಿ ವಿದ್ಯಾರ್ಥಿಗಳದೇ ಆದ ರಾಷ್ಟ್ರೀಯ ಸಮಾವೇಶ ಆ ದೇಶದಲ್ಲಿ ಮೊದಲು ನಡೆದದ್ದು 1987ರಲ್ಲಿ. ನಡೆಸಿದ್ದು ದೊಡ್ಡ ಹೆಸರಿನ ವಿಶ್ವವಿದ್ಯಾಲಯವಲ್ಲ, ನಾರ್ತ್ ಕೆರೊಲಿನಾದ ಆಶ್‌ವಿಲ್ ಎಂಬ ಗುಡ್ಡಗಾಡಿನ ಊರಿನ ಸಣ್ಣ ವಿಶ್ವವಿದ್ಯಾಲಯ. ನಮ್ಮ ರಾಜ್ಯವೂ ಹಿಂದೆ ಬಿದ್ದಿರಲಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರ ಹೊತ್ತಿಗೇ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುವ ಯೋಜನೆ ತಂದಿತು. ಆದರೆ ಅದು ಮುಖ್ಯವಾಗಿ ಎಂಜಿನಿಯರಿಂಗ್ ಅಂತಿಮ ವರ್ಷದವರಿಗೆ. ಕುಷ್ಟಗಿಯ ಬಿ.ಎ. ವಿದ್ಯಾರ್ಥಿನಿಯ ಪ್ರಶ್ನೆಗೂ ಸಾವಿರ ರೂಪಾಯಿ ಬೇಕಾಗಬಹುದು ಎಂದು ಯಾರಿಗೂ ತೋಚಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ 2021-22ರಲ್ಲಿ ಎಲ್ಲರಿಗಿಂತ ಮೊದಲು ಜಾರಿಗೆ ತಂದಾಗ ಸಂಶೋಧನೆ ಪದವಿಯೊಳಗೆ ಬಂತು, ಬಂದದ್ದು ನಾಲ್ಕನೇ ವರ್ಷಕ್ಕೆ. ಯುಜಿಸಿ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ 75 ಅಂಕ ಪಡೆದವರಿಗೆ ಮಾತ್ರ ಸಂಶೋಧನೆಯ ಆನರ್ಸ್. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸಂಶೋಧನೆ ಕೈತಪ್ಪಿತು ಎಂದು ಮರುಗಿದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮೂರು ವರ್ಷ ಉರುಹೊಡೆದು ಶೇ 75 ತೆಗೆದವರಿಗೆ ನಾಲ್ಕನೇ ವರ್ಷ ‘ಇನ್ನು ನೀವು ಪ್ರಶ್ನೆ ಕೇಳಬಹುದು’ ಎನ್ನುವ ವ್ಯವಸ್ಥೆ ನಮ್ಮ ತಾಲ್ಲೂಕುಗಳ ನೂರರಲ್ಲಿ ಎಷ್ಟು ಮಕ್ಕಳಿಗೆ ತಲುಪುತ್ತಿತ್ತು? ಸಂಶೋಧನೆ ಎರಡನೇ ವರ್ಷದಲ್ಲೇ, ಎಲ್ಲರಿಗೂ, ಸಣ್ಣ ಪ್ರಮಾಣದಲ್ಲಿ ಇರಬೇಕು.

ಇದಕ್ಕೆ ಬರುವ ಆಕ್ಷೇಪಣೆಗಳು ಹಗುರವಾದವಲ್ಲ. ಮೊದಲನೆಯದು: ನೆಟ್ಟಗೆ ಒಂದು ಪುಟ ಬರೆಯಲು ಬಾರದವರಿಗೆ ಸಂಶೋಧನೆಯೇ? ತಳಪಾಯ ಮೊದಲು, ಮಾಳಿಗೆ ಆಮೇಲೆ ಎಂಬ ವಾದ. ಆದರೆ ಬರವಣಿಗೆ ಬಾರದಿರುವುದಕ್ಕೆ ಒಂದು ಕಾರಣ ಬರೆಯಲು ತಮ್ಮದೇ ಆದದ್ದು ಏನೂ ಇಲ್ಲದಿರುವುದು. ಗೈಡಿನ ಉತ್ತರವನ್ನು ಎಷ್ಟು ಸಲ ನಕಲು ಮಾಡಿದರೂ ವಾಕ್ಯ ಕಟ್ಟುವುದು ಬರುವುದಿಲ್ಲ. ಹತ್ತು ಸಲ ಅಳೆದು ಹತ್ತು ಬೇರೆ ಅಂಕಿ ಬಂದವನಿಗೆ ಸರಾಸರಿ ಏಕೆ ಬೇಕು ಎಂದು ವಿವರಿಸಬೇಕಾಗಿಲ್ಲ. ಭಾಷೆಯ ತೊಡಕಂತೂ ನಾವೇ ತಂದುಕೊಂಡದ್ದು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಕೊಪಣವೂ, ಅಂದರೆ ಇಂದಿನ ಕೊಪ್ಪಳವೂ, ಒಂದು. ಆ ಊರಿನ ವಿದ್ಯಾರ್ಥಿ ತನ್ನ ಹೊಲದ ಸವಳಿನ ಬಗ್ಗೆ ಇಂಟರ್‌ನೆಟ್ಟಿನಿಂದ ಎತ್ತಿದ ಇಂಗ್ಲಿಷ್ ಪ್ಯಾರಾ ಅಂಟಿಸುತ್ತಾನೆ! ವರದಿ ಕನ್ನಡದಲ್ಲಿರಲಿ, ಸಾರಾಂಶ ಬೇಕಾದರೆ ಇಂಗ್ಲಿಷಿನಲ್ಲಿ ಅರ್ಧ ಪುಟ ಇರಲಿ.

ಎರಡನೆಯದು ನಕಲಿನ ಭಯ. ಪ್ರಾಜೆಕ್ಟ್ ಎಂದರೆ ಝೆರಾಕ್ಸ್ ಅಂಗಡಿಯ ಸ್ಪೈರಲ್ ಬೈಂಡಿಂಗ್ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಹೋದ ವರ್ಷದ ಹೆಸರು ಅಳಿಸಿ ಈ ವರ್ಷದ ಹೆಸರು ಹಾಕುತ್ತಾರೆ. ಈಗಂತೂ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೇಳಿದರೆ ನಿಮಿಷದಲ್ಲಿ ಮೂವತ್ತು ಪುಟ. ಇದು ನನ್ನ ವಾದವನ್ನು ದುರ್ಬಲಗೊಳಿಸುವುದಿಲ್ಲ, ಬಲಪಡಿಸುತ್ತದೆ. ‘ಭಾರತದಲ್ಲಿ ಜಲಮಾಲಿನ್ಯ’ ಎಂಬ ವಿಷಯ ಕೊಟ್ಟವರೇ ನಕಲಿಗೆ ಬಾಗಿಲು ತೆರೆದವರು. ‘ಶ್ರೀರಾಮನಗರದ ಹತ್ತಿರದ ನಮ್ಮ ಹೊಲದ ಬಸಿಗಾಲುವೆಯ ನೀರು, ಫೆಬ್ರವರಿಯಿಂದ ಏಪ್ರಿಲ್’ ಎಂಬ ವಿಷಯಕ್ಕೆ ಯಾವ ಅಂಗಡಿಯಲ್ಲೂ ಸಿದ್ಧ ಉತ್ತರ ಇಲ್ಲ. ಅಂಕ ಬೈಂಡ್ ಮಾಡಿದ ಪ್ರತಿಗೆ ಕೊಡಬೇಡಿ, ಕೆಸರು ತಾಗಿದ ನೋಟ್‌ಬುಕ್ಕಿಗೆ ಕೊಡಿ.

ಮೂರನೆಯದು ಮನೆಯವರ ಆಕ್ಷೇಪಣೆ, ಅದಕ್ಕೆ ನಾನು ತಲೆಬಾಗುತ್ತೇನೆ. ಮಗಳು ಬಸ್ ಪಾಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿ ಎಫ್‌ಡಿಎ, ಪಿಡಿಒ, ಪಿಎಸ್‌ಐ ಪರೀಕ್ಷೆ ಕಟ್ಟಬೇಕು. 371(ಜೆ) ಮೀಸಲಾತಿಯಿಂದ ಒಂದು ಬಾಗಿಲು ತೆರೆದಿದೆ. ಈ ನಡುವೆ ಗೊಂಬೆಯ ಅಂಟು ಕುದಿಸಿದರೆ ಕೆಲಸ ಸಿಗುತ್ತದೆಯೇ? ಸಿಗುವುದಿಲ್ಲ. ಸಂಶೋಧನೆಯಿಂದ ನೌಕರಿ ಎಂದು ಹೇಳುವವರನ್ನು ನಂಬಬೇಡಿ. ನಾನು ಕೇಳುವುದು ವಾರಕ್ಕೆ ಮೂರು ಗಂಟೆ, ಎರಡು ಸೆಮಿಸ್ಟರ್. ಇಷ್ಟು ಸಮಯ ಈಗಾಗಲೇ ವೇಳಾಪಟ್ಟಿಯಲ್ಲಿ, ಯಾರೂ ಓದದ ಅಸೈನ್‌ಮೆಂಟ್‌ಗಳ ಹೆಸರಿನಲ್ಲಿ ಕಳೆದುಹೋಗುತ್ತಿದೆ. ಹೆಣ್ಣುಮಕ್ಕಳನ್ನು ಗುಡ್ಡಕ್ಕೆ, ಹೊಲಕ್ಕೆ ಒಂಟಿಯಾಗಿ ಕಳಿಸುವುದು ಹೇಗೆ ಎಂಬುದೂ ನ್ಯಾಯವಾದ ಪ್ರಶ್ನೆ. ಮೂವರ ಗುಂಪಾಗಿ ಹೋಗಲಿ; ಒಂದು ಅಡುಗೆಮನೆ, ಒಂದು ಹಿತ್ತಿಲು, ಒಂದು ಮಗ್ಗದ ಮನೆ ಕೂಡ ಕ್ಷೇತ್ರಕಾರ್ಯದ ಜಾಗವೇ.

ನಾಲ್ಕನೆಯದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮಾರ್ಗದರ್ಶನ ಮಾಡುವವರು ಯಾರು? ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ತಾವು ಇಲ್ಲಿರುತ್ತೇವೆಯೋ ಇಲ್ಲವೋ ಎಂದು ತಿಳಿಯದವರಿಗೆ ವರ್ಷವಿಡೀ ನಡೆಯುವ ಕೆಲಸ ಒಪ್ಪಿಸುವುದು ಅನ್ಯಾಯ. ಮಾರ್ಗದರ್ಶನದ ಗಂಟೆಯನ್ನು ಪಾಠದ ಗಂಟೆಯಂತೆಯೇ ಕಾರ್ಯಭಾರಕ್ಕೆ ಸೇರಿಸದ ಹೊರತು ಇದು ಒಬ್ಬಿಬ್ಬರು ಉತ್ಸಾಹಿಗಳ ಹೆಗಲ ಮೇಲೆ ಬಿದ್ದು ಎರಡೇ ವರ್ಷಕ್ಕೆ ನಿಂತುಹೋಗುತ್ತದೆ. ತಳಕಲ್ಲಿನಲ್ಲಿರುವ ಕೊಪ್ಪಳ ವಿಶ್ವವಿದ್ಯಾಲಯಕ್ಕೆ ಇದು ಸಂಬಂಧಿಸಿದ ಮಾತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ, ವಿಲೀನಗೊಳಿಸುವ ಚರ್ಚೆ ಸರ್ಕಾರದ ಮಟ್ಟದಲ್ಲಿ ಎದ್ದಾಗ ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವುದಷ್ಟೇ ಆದರೆ ಅದನ್ನು ಬಳ್ಳಾರಿಯಿಂದಲೂ ಮಾಡಬಹುದು. ಈ ಜಿಲ್ಲೆಯ ಮಣ್ಣು, ನೀರು, ಕಲ್ಲು, ಗೊಂಬೆ, ಮಾತುಗಳ ಬಗ್ಗೆ ಜಿಲ್ಲೆಯ ಮಕ್ಕಳು ಮಾಡಿದ ದಾಖಲೆ ಒಂದೇ ಕಡೆ, ಹುಡುಕಿದರೆ ಸಿಗುವಂತೆ, ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗಬೇಕಾದರೆ ಇಲ್ಲೇ ಒಂದು ವಿಶ್ವವಿದ್ಯಾಲಯ ಬೇಕು. ಒಂದು ವರ್ಷದ ಇಪ್ಪತ್ತು ಅಂಕಿಗಳಿಗೆ ಬೆಲೆ ಕಡಿಮೆ. ಅದೇ ಹೊಲಗಳಿಗೆ ಹದಿನೈದು ತಂಡಗಳು ಹದಿನೈದು ವರ್ಷ ಹೋದರೆ, ಆ ಪಟ್ಟಿಯನ್ನು ನೋಡಲು ಸಂಶೋಧನಾ ಕೇಂದ್ರದವರೇ ಕಾಲೇಜಿಗೆ ಬರುತ್ತಾರೆ.

ಕೊನೆಯದಾಗಿ ಒಂದು ವ್ಯಾವಹಾರಿಕ ಸಂಗತಿ. ವಿದ್ಯಾರ್ಥಿಗಳ ಕೆಲಸ ಎಲ್ಲಿ ಪ್ರದರ್ಶನವಾಗಬೇಕು? ಸೆಮಿನಾರ್ ಹಾಲಿನಲ್ಲಿ, ಬ್ಯಾಡ್ಜ್ ಹಾಕಿಕೊಂಡ ಅಧ್ಯಾಪಕರ ಮುಂದೆ ಮಾತ್ರವೇ ಆದರೆ ಅದು ಇನ್ನೊಂದು ವೈವಾ ಆಗುತ್ತದೆ. ಗವಿಮಠದ ಜಾತ್ರೆಗೆ ಜಿಲ್ಲೆಯ ಎಲ್ಲಾ ಕಡೆಯಿಂದ ಜನ ಬರುತ್ತಾರೆ. ಅಲ್ಲಿ ಒಂದು ಮಳಿಗೆ ಹಾಕಿ, ಕಿಟ್ಟದ ಬಿಲ್ಲೆಗಳನ್ನು ಕುದಿಸಿದ ಹೊತ್ತಿನ ಚೀಟಿಯೊಂದಿಗೆ ಸಾಲಾಗಿ ಇಡಿ, ದಾಳಿಂಬೆ ಎಲೆಯ ಹತ್ತು ವಾರದ ಚಿತ್ರ ತೂಗುಹಾಕಿ, ಸವಳಿನ ನಕ್ಷೆ ಹರಡಿ. ಕಿನ್ನಾಳದವರು ಬಿಲ್ಲೆಯನ್ನು ಬೆರಳಲ್ಲಿ ತಟ್ಟಿ ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎಂದು ಹೇಳಲಿ. ರೈತರು ನಕ್ಷೆಯ ಮೇಲೆ ಕೈಯಿಟ್ಟು ಇಲ್ಲಿ ತಪ್ಪಿದೆ ಎನ್ನಲಿ. ಆದರೆ ಜಾತ್ರೆ ಬರುವುದು ಜನವರಿಯ ಸುಮಾರಿಗೆ. ಉಪ್ಪು ಬೆಳ್ಳಗೆ ಮೇಲೆ ಕಾಣುವುದು ಬೇಸಿಗೆಯಲ್ಲಿ, ನಮ್ಮ ಪರೀಕ್ಷೆ ಮತ್ತು ರಜೆಯ ನಡುವೆ. ಹಾಗಾಗಿ ಬರುವ ಜಾತ್ರೆಯ ನಕ್ಷೆಗೆ ಬೇಕಾದ ಮಣ್ಣನ್ನು ಅದಕ್ಕಿಂತ ಮೊದಲಿನ ಬೇಸಿಗೆಯಲ್ಲೇ ತೆಗೆದು, ಪ್ರತಿ ಚೀಲದೊಳಗೆ ಊರು, ಹೊಲದ ಗುರುತು, ಆಳ, ದಿನಾಂಕ ಬರೆದ ಚೀಟಿ ಹಾಕಿಡಬೇಕು. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಮಣ್ಣಿನ ಪಸೆಗೆ ಪೆನ್ನಿನ ಮಸಿ ನಿಲ್ಲುವುದಿಲ್ಲ.